ಕಾಳು ಯಾರಿಗೆ, ಕಟ್ಟು ಯಾರಿಗೆ? – ನಮ್ಮ ಗಡಿಸೀಮೆಯ ಚಳಿಗಾಲದ ಸಾರಿನ ಚರಿತ್ರೆ



ಮಾರ್ಗಶಿರ ಮುಗಿದು ಪುಷ್ಯ ಮಾಸ ಹೊಕ್ಕಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಅಡುಗೆಮನೆಗಳಲ್ಲಿ ತೊಗರಿಬೇಳೆಯ ತಿಳಿಸಾರು ಹಿಂದೆ ಸರಿಯುತ್ತದೆ. ಇಡಿ ಕಾಳಿನ ಗಟ್ಟಿ ಸಾರು ಮುಂದೆ ಬರುತ್ತದೆ. ಹುರಳಿ, ಮಡಕಿ, ಅಲಸಂದಿ, ಹೆಸರು, ಹಸಿ ಅವರೆ – ಇವುಗಳಲ್ಲಿ ಮನೆಯಲ್ಲಿ ಇದ್ದುದನ್ನು ಹದವಾಗಿ ಬೇಯಿಸಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಕೊಬ್ಬರಿ, ಮಸಾಲಿ ಖಾರಗಳನ್ನು ಕೂಡಿಸಿ ಕುದಿಸಿದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗೆ ಬೇರೊಂದು ವ್ಯಂಜನ ಬೇಕಾಗುವುದಿಲ್ಲ. ಕೆಲವರು ಇದನ್ನು ಕಾಳಿನ ಸಾರು ಎನ್ನುತ್ತಾರೆ. ಗಡಿಯ ಮನೆಗಳಲ್ಲಿ ಆಮ್ಟಿ ಎಂಬ ಮರಾಠಿ ಹೆಸರೂ ಅಷ್ಟೇ ಬಳಕೆಯಲ್ಲಿದೆ. ಸಂಕ್ರಾಂತಿಯ ಮುನ್ನಾದಿನವಾದ ಭೋಗಿಯಂದು ಹೊಲದಲ್ಲಿ ಆಗತಾನೇ ಬಂದ ಹಸಿ ಕಡಲೆ, ಅವರೆಕಾಳು, ಬದನೆ, ಗಜ್ಜರಿ, ಎಳ್ಳುಗಳೆಲ್ಲ ಒಂದೇ ಪಾತ್ರೆಯನ್ನು ಸೇರುತ್ತವೆ. ಆ ದಿನ ನಮ್ಮ ಸೀಮೆಯ ಚಳಿಗಾಲದ ಅಡುಗೆಗೆ ಹಬ್ಬದ ಮರ್ಯಾದೆ ದೊರೆಯುತ್ತದೆ.

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ಒಂದು ಪ್ರಶ್ನೆ ಕಳುಹಿಸಿದಳು. “ಅಕ್ಕೋರ, ಇಲ್ಲಿ ಚಳಿಗಾಲದಾಗ ಕ್ರಿಯೋಲ್ ಪದ್ಧತಿ ಅಂತ ಕಾಳಿನ ಸೂಪ್ ಮಾಡತಾರ. ಬಾಯಾಗ ಇಟ್ಟರ ನಮ್ಮ ಮನೀದ ಸಾರು ನೆನಪಾಗತದ. ಇದು ಹೆಂಗ?” ಇತಿಹಾಸ ಕಲಿಸಿದವಳಿಗೆ ಇಂಥ ಪ್ರಶ್ನೆ ಬಂದರೆ ಒಂದು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗುವುದು ಸಾಧ್ಯವಿಲ್ಲ. ಅವಳಿಗೆ ಬರೆಯಲು ಕುಳಿತ ಪತ್ರವೇ ಬೆಳೆದು ಈ ಲೇಖನವಾಗಿದೆ. ಬರೆಯುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಸಾರಿನ ಚರಿತ್ರೆಯೆಂದರೆ ರುಚಿಯ ಚರಿತ್ರೆ ಮಾತ್ರವಲ್ಲ. ಕಾಳು ಯಾರ ತಟ್ಟೆಗೆ ಬಿದ್ದಿತು, ಕಾಳನ್ನು ಬಸಿದು ಉಳಿದ ನೀರು, ಅಂದರೆ ನಾವು ‘ಕಟ್ಟು’ ಎಂದು ಕರೆಯುವುದು, ಯಾರ ಪಾಲಿಗೆ ಬಂದಿತು ಎಂಬುದರ ಚರಿತ್ರೆಯೂ ಅದರೊಳಗೆ ಅಡಗಿದೆ.

ನೆಲದ ಕಾಳು

ಮೊದಲು ಕಾಳಿನಿಂದಲೇ ಆರಂಭಿಸೋಣ. ನಾನು ಶಾಲೆಯಲ್ಲಿ ನವಶಿಲಾಯುಗದ ಪಾಠ ಮಾಡುವಾಗ ಕಲ್ಲಿನ ಕೊಡಲಿಯ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು. ಆ ಕೊಡಲಿ ಹಿಡಿದವರು ಏನು ಉಣ್ಣುತ್ತಿದ್ದರೆಂಬುದಕ್ಕೆ ಈಗ ಒಳ್ಳೆಯ ಆಧಾರಗಳು ದೊರೆತಿವೆ. ಪುರಾತತ್ವಜ್ಞರು ಉತ್ಖನನದ ಮಣ್ಣನ್ನು ನೀರಿನಲ್ಲಿ ಕಲಕಿ, ತೇಲಿ ಬರುವ ಕರಕಲು ಕಾಳುಗಳನ್ನು ಸೋಸಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ಬಳ್ಳಾರಿಯ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನೆಲೆಗಳಲ್ಲಿ ಹೀಗೆ ದೊರೆತ ಮುಖ್ಯ ಕಾಳುಗಳು ಎರಡು – ಹುರಳಿ ಮತ್ತು ಹೆಸರು. ಜೊತೆಗೆ ಕೊರಲೆಯಂಥ ಕಿರುಧಾನ್ಯಗಳು. ಕ್ರಿಸ್ತಪೂರ್ವ 3000ದಿಂದ 1200ರವರೆಗಿನ ಆ ದೀರ್ಘ ಕಾಲದಲ್ಲಿ ದನ ಸಾಕಿ, ಬೂದಿದಿಬ್ಬಗಳನ್ನು ಬಿಟ್ಟುಹೋದ ಜನ ಹುರಳಿಯನ್ನು ಬೆಳೆದು ಮಣ್ಣಿನ ಮಡಕೆಯಲ್ಲಿ ಬೇಯಿಸಿಕೊಂಡಿದ್ದರು. ನಾಲ್ಕು ಸಾವಿರ ವರ್ಷಗಳ ತರುವಾಯವೂ ಹುರಳಿ ನಮ್ಮ ಒಲೆಯ ಮೇಲಿದೆ. ಇಷ್ಟು ದೀರ್ಘ ಕಾಲ ಆಳಿದ ಅರಸುಮನೆತನ ನಮ್ಮ ಪಠ್ಯಪುಸ್ತಕದಲ್ಲಿ ಒಂದೂ ಇಲ್ಲ!

ರೊಟ್ಟಿಯ ಕಥೆ ಬೇರೆ. ಜೋಳ ಮತ್ತು ಸಜ್ಜೆ ಎರಡೂ ಆಫ್ರಿಕಾ ಖಂಡದಲ್ಲಿ ಮೊದಲು ಕೃಷಿಗೆ ಒಳಗಾದ ಬೆಳೆಗಳು. ಪ್ರಾಚೀನ ಕಾಲದಲ್ಲಿಯೇ ಅವು ಭಾರತಕ್ಕೆ ಬಂದು ನೆಲೆಯೂರಿದವು. ಅಲಸಂದಿಯ ಮೂಲವೂ ಅವರೆಯ ಮೂಲವೂ ಆಫ್ರಿಕಾವೇ. ಅಥಣಿಯ ಬಿಳಿಜೋಳದ ರೊಟ್ಟಿ, ರಾಯಬಾಗದ ಅಲಸಂದಿ ಎಂದು ನಾವು ಅಭಿಮಾನದಿಂದ ಹೇಳುವಾಗ ಅವು ಬಹು ಹಿಂದೆ ನಮ್ಮಲ್ಲಿಗೆ ಬಂದ ಅತಿಥಿಗಳೆಂಬುದು ಮರೆತೇ ಹೋಗಿರುತ್ತದೆ. ಮರೆತುಹೋಗುವಷ್ಟು ಅವು ನಮ್ಮವಾಗಿವೆ.

ಅಡುಗೆಯ ವಿಷಯವಾಗಿ ಕನ್ನಡ ನಾಡಿನಲ್ಲಿ ಬರವಣಿಗೆಗೂ ಕೊರತೆಯಿಲ್ಲ. ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭೋಜನದ ವಿವರಗಳಿವೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವನ್ನೇ ಕನ್ನಡದಲ್ಲಿ ಬರೆದನು. ಇವೆಲ್ಲ ಒಳ್ಳೆಯ ಸ್ಥಿತಿಯ ಮನೆಗಳ, ಅರಮನೆಗಳ ಅಡುಗೆಗಳು. ಒಕ್ಕಲಿಗನ ಒಲೆಯ ಮೇಲಿನ ಹುರಳಿಯ ಗಡಿಗೆಯ ಬಗ್ಗೆ ಗ್ರಂಥ ಬರೆಯುವ ಅಗತ್ಯ ಯಾರಿಗೂ ತೋರಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿ ಬಂತು.

ಮೆಣಸಿನಕಾಯಿ ಬಂದ ದಾರಿ

ಈ ಹಳೆಯ ಗ್ರಂಥಗಳ ಯಾವ ಅಡುಗೆಯಲ್ಲಿಯೂ ಕೆಂಪು ಮೆಣಸಿನಕಾಯಿ ಇರಲಾರದು. ಖಾರಕ್ಕೆ ಆಗ ಇದ್ದವು ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಮೇಲೆ, ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡ ಮೇಲೆ, ಆ ಶತಮಾನದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಅದು ಒಳನಾಡಿಗೆ ಹಬ್ಬಿತು.

ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ ನುಡಿಯುತ್ತದೆ. ಕನ್ನಡದಲ್ಲಿ ‘ಮೆಣಸು’ ಎಂಬ ಹಳೆಯ ಹೆಸರು ಕರಿಮೆಣಸಿನದು. ಹೊಸದಾಗಿ ಬಂದ ಗಿಡದಲ್ಲಿ ಮೆಣಸಿನಂತೆಯೇ ಉರಿಯುವ ಕಾಯಿ ಬಿಟ್ಟಾಗ ನಮ್ಮ ಹಿರಿಯರು ಅದನ್ನು ‘ಮೆಣಸಿನಕಾಯಿ’ ಎಂದು ಕರೆದರು. ಮರಾಠಿಯಲ್ಲಿಯೂ ಹಾಗೆಯೇ: ಕರಿಮೆಣಸು ‘ಮಿರೀ’, ಹೊಸ ಕಾಯಿ ‘ಮಿರಚೀ’. ಗಡಿಯ ಎರಡೂ ಭಾಷೆಗಳು ಹೊಸಬನಿಗೆ ಹಳೆಯ ನೆಂಟನ ಹೆಸರನ್ನೇ ಇಟ್ಟು ಒಳಗೆ ಕರೆದುಕೊಂಡವು.

ಗೋವೆ ಮತ್ತು ಬಿಜಾಪುರಗಳ ನಡುವಣ ದಾರಿಯಲ್ಲಿ ಯಾವ ಊರುಗಳಿವೆಯೆಂದು ನಕಾಶೆ ತೆರೆದು ನೋಡಿರಿ. ನಮ್ಮ ಸೀಮೆ ಅಲ್ಲಿಯೇ ಇದೆ. 1638–39ರಲ್ಲಿ ಭಾರತದಲ್ಲಿದ್ದ ಮ್ಯಾಂಡೆಲ್ಸ್ಲೋ ಎಂಬ ಜರ್ಮನ್ ಪ್ರವಾಸಿಯ ಕಥನದಲ್ಲಿ ಅಥಣಿಯ ಹೆಸರು ಬಿಜಾಪುರ–ಗೋವೆಗಳ ನಡುವಣ ದೊಡ್ಡ ಪೇಟೆಯೆಂದು ಬರುತ್ತದೆ. ಎತ್ತಿನ ಹೇರುಗಳು ಘಟ್ಟ ಇಳಿದು ಹತ್ತುತ್ತಿದ್ದ ಆ ಕಾಲದಲ್ಲಿ ಬಟ್ಟೆ, ಧಾನ್ಯ, ಉಪ್ಪುಗಳ ಜೊತೆ ಬೀಜಗಳೂ ಪ್ರಯಾಣ ಮಾಡುತ್ತಿದ್ದವು. ಮುಂದೆ ಮೆಣಸಿನಕಾಯಿ ಈ ನೆಲಕ್ಕೆ ಎಷ್ಟು ಒಗ್ಗಿತೆಂದರೆ, ನಮ್ಮ ನೆರೆಯ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರೇ ಒಂದು ಮೆಣಸಿನಕಾಯಿಯ ತಳಿಗೆ ಬಿದ್ದಿದೆ. ಕೊಲ್ಹಾಪುರದ ಮಸಾಲೆಯ ಉರಿಯಲ್ಲಿ ಸಂಕೇಶ್ವರಿಯ ಪಾಲು ದೊಡ್ಡದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಎಂದು ಎರಡನ್ನೂ ಬೆರೆಸಿ ಬೇಸಿಗೆಯಲ್ಲಿ ವರ್ಷದ ಮಸಾಲಿ ಖಾರ ಕುಟ್ಟಿಸಿಡುವುದು ನಮ್ಮ ಮನೆಗಳ ಪದ್ಧತಿ. ಶೇಂಗಾ, ಟೊಮೆಟೊ, ಆಲೂಗಡ್ಡೆಗಳೂ ಅಮೆರಿಕ ಖಂಡದಿಂದಲೇ ಬಂದವು.

ಎರಡು ಪಾತ್ರೆಗಳು

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ‘ಕ್ರಿಯೋಲ್’ ಎಂಬ ಶಬ್ದದ ಮೂಲ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿದೆ. ‘ಸಾಕಿ ಬೆಳೆಸು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಹೊರಗಿನಿಂದ ಬಂದ ವಂಶವಾದರೂ ಈ ನೆಲದಲ್ಲಿಯೇ ಹುಟ್ಟಿ ಬೆಳೆದವರು ಎಂಬುದು ಅದರ ಭಾವ. ಅಮೆರಿಕದ ದಕ್ಷಿಣದಲ್ಲಿರುವ ಲೂಯಿಸಿಯಾನ ಪ್ರಾಂತವು ಮೊದಲು ಫ್ರೆಂಚರ, ಬಳಿಕ ಸ್ಪೇನಿನವರ ವಸಾಹತಾಗಿದ್ದು, 1803ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪಾಲಾಯಿತು. ಗುಲಾಮರಾಗಿ ಹಿಡಿದು ತರಲ್ಪಟ್ಟ ಆಫ್ರಿಕನ್ನರು ಅಲ್ಲಿಯ ಅಡುಗೆಮನೆಗಳನ್ನು ನಡೆಸಿದರು. ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದ ಆ ಮಹಾಕ್ರಾಂತಿಯ ಕಾಲದಲ್ಲಿ ಕ್ಯೂಬಾಕ್ಕೆ ವಲಸೆ ಹೋಗಿದ್ದವರಲ್ಲಿ 9,000ಕ್ಕೂ ಹೆಚ್ಚು ಜನ 1809–10ರಲ್ಲಿ ನ್ಯೂ ಆರ್ಲಿಯನ್ಸ್ ನಗರಕ್ಕೆ ಬಂದರು. ಇವರೆಲ್ಲರ ಕೈ ಬಿದ್ದು ಅಲ್ಲಿಯ ಕೆಂಪು ಕಾಳಿನ ಅಡುಗೆ ರೂಪುಗೊಂಡಿತು. ಸೋಮವಾರ ಬಟ್ಟೆ ಒಗೆಯುವ ದಿನ. ಒಲೆಯ ಮುಂದೆ ನಿಲ್ಲಲು ಹೆಂಗಸರಿಗೆ ಪುರುಸೊತ್ತಿಲ್ಲ. ಭಾನುವಾರದ ಮಾಂಸದ ಎಲುಬನ್ನು ಕಾಳಿನ ಜೊತೆ ಹಾಕಿ ಸಣ್ಣ ಉರಿಯ ಮೇಲೆ ಬಿಟ್ಟರೆ ಸಂಜೆಯ ಹೊತ್ತಿಗೆ ಊಟ ಸಿದ್ಧ. ಸೋಮವಾರ ಕೆಂಪು ಕಾಳು ಮತ್ತು ಅನ್ನ ಎಂಬ ಅಲ್ಲಿಯ ರೂಢಿಗೆ ಇದೇ ಕಾರಣವೆಂದು ಹೇಳುತ್ತಾರೆ.

ಅಲ್ಲಿ ಕಾಳು ಆ ಖಂಡದ್ದೇ. ಬೇಯಿಸಿದವರು ಸಮುದ್ರ ದಾಟಿ ಬಂದವರು. ಇಲ್ಲಿ ಬೇಯಿಸಿದವರೂ ಹುರಳಿಯೂ ಈ ನೆಲದವರು. ಸಮುದ್ರ ದಾಟಿ ಬಂದದ್ದು ಮೆಣಸಿನಕಾಯಿ. ಎರಡೂ ಪಾತ್ರೆಗಳಿಗೆ ಹೊಂದಿಕೆಯಾಗುವ ಒಂದು ಕಾಳೂ ಇದೆ. ನಮ್ಮ ಅಲಸಂದಿ ಆಫ್ರಿಕದಿಂದ ಪ್ರಾಚೀನ ಕಾಲದಲ್ಲಿ ಇತ್ತ ಬಂದಂತೆ, ಗುಲಾಮರ ಹಡಗುಗಳ ಕಾಲದಲ್ಲಿ ಅತ್ತ ಅಮೆರಿಕೆಗೂ ಹೋಯಿತು; ಅಲ್ಲಿಯ ದಕ್ಷಿಣದವರು ಹೊಸ ವರ್ಷದ ದಿನ ಅದನ್ನು ಅನ್ನದ ಜೊತೆ ಬೇಯಿಸಿ ಉಣ್ಣುತ್ತಾರೆ. ಅತ್ತ ಅಮೆರಿಕೆಯ ಕಾಳು ಇತ್ತಲೂ ಬಂದಿದೆ: ನೆರೆಯ ಸಾತಾರಾ ಜಿಲ್ಲೆಯ ಕೋರೇಗಾಂವದ ಪಟ್ಟೆಪಟ್ಟೆಯ ವಾಘ್ಯಾ ಘೇವಡಾ ಅದೇ ಕುಲದ್ದು. ಆದ್ದರಿಂದ ನನ್ನ ವಿದ್ಯಾರ್ಥಿನಿಯ ನಾಲಗೆ ಅವಳಿಗೆ ತಪ್ಪು ಹೇಳಿಲ್ಲ. ಆ ಎರಡು ಪಾತ್ರೆಗಳು ದೂರದ ದಾಯಾದಿಗಳು.

ಮಾಡುವ ಬಗೆ

ಚರಿತ್ರೆಯನ್ನಷ್ಟೇ ಹೇಳಿ ಹೊಟ್ಟೆ ಹಸಿದವರನ್ನು ಕಳುಹಿಸುವುದು ನ್ಯಾಯವಲ್ಲ. ಪರದೇಶದಲ್ಲಿರುವ ಮಕ್ಕಳಿಗೂ ಸಾಧ್ಯವಾಗುವಂತೆ ನಮ್ಮ ಮನೆಯ ಕ್ರಮವನ್ನು ತಿಳಿಸುತ್ತೇನೆ. ಅಳತೆ ಐದು ಜನರಿಗೆ.

ಒಂದು ಬಟ್ಟಲು ಹುರಳಿ, ಅರ್ಧ ಬಟ್ಟಲು ಅಲಸಂದಿ ತೆಗೆದುಕೊಳ್ಳಿರಿ. ಹುರಳಿಯಲ್ಲಿ ಹರಳು ಹೆಚ್ಚು. ತಟ್ಟೆಯಲ್ಲಿ ಹರವಿ ಆರಿಸಿರಿ. ಎರಡನ್ನೂ ಬೇರೆ ಬೇರೆಯಾಗಿ ರಾತ್ರಿ ನೆನೆಹಾಕಿರಿ. ಸಮಯವಿದ್ದರೆ ಹುರಳಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿರಿ. ರುಚಿಯೂ ಹೆಚ್ಚು, ಜೀರ್ಣವೂ ಸುಲಭ. ಹುರಳಿ ಗಟ್ಟಿ ಕಾಳಾದ್ದರಿಂದ ಅದನ್ನು ಮೊದಲು ಒಲೆಗೆ ಇಟ್ಟು, ಅರೆಬೆಂದ ಮೇಲೆ ಅಲಸಂದಿ ಹಾಕಬೇಕು. ಹುಣಸೆಯ ಹುಳಿಯನ್ನಾಗಲಿ ಟೊಮೆಟೊವನ್ನಾಗಲಿ ಕಾಳು ಪೂರ್ತಿ ಬೇಯುವ ಮುನ್ನ ಹಾಕಬಾರದು. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ. ಇದನ್ನು ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು.

ಒಂದು ದೊಡ್ಡ ಉಳ್ಳಾಗಡ್ಡಿಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಸಿಪ್ಪೆಸಹಿತ ಸುಟ್ಟು, ಸಿಪ್ಪೆ ತೆಗೆಯಿರಿ. ಎರಡು ಚಮಚ ಒಣಕೊಬ್ಬರಿ ತುರಿ, ಒಂದು ಚಮಚ ಎಳ್ಳು, ಸ್ವಲ್ಪ ಜೀರಿಗೆಗಳನ್ನು ಹುರಿದುಕೊಂಡು, ಎಂಟು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಸುಟ್ಟ ಉಳ್ಳಾಗಡ್ಡಿಗಳೊಡನೆ ನುಣ್ಣಗೆ ಅರೆಯಿರಿ. ಕೊನೆಯಲ್ಲಿ ಒಂದು ಹಿಡಿ ಬೆಂದ ಕಾಳನ್ನೂ ಸೇರಿಸಿ ಅರೆದರೆ ಸಾರಿಗೆ ಮೈ ಬರುತ್ತದೆ. ಲೂಯಿಸಿಯಾನದವರು ಬೆಂದ ಕಾಳನ್ನು ಸೌಟಿನಿಂದ ಪಾತ್ರೆಯ ಅಂಚಿಗೆ ಒತ್ತಿ ಮಸೆಯುವುದೂ ಇದೇ ಉದ್ದೇಶಕ್ಕೆ.

ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಅರೆದ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿಯಿರಿ. ಎರಡು ಚಮಚ ಮಸಾಲಿ ಖಾರ, ಚಿಟಿಕೆ ಅರಿಶಿನ ಹಾಕಿ ತಕ್ಷಣವೇ ಕಾಳನ್ನು ಅದರ ಕಟ್ಟಿನ ಸಹಿತ ಸುರಿಯಿರಿ. ಕಟ್ಟನ್ನು ಚೆಲ್ಲಬೇಡಿರಿ, ಸತ್ವದ ಅರ್ಧ ಅದರಲ್ಲಿದೆ. ಉಪ್ಪು, ಸ್ವಲ್ಪ ಹುಣಸೆರಸ, ಅಡಿಕೆಯಷ್ಟು ಬೆಲ್ಲ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿದರೆ ಮನೆಯೆಲ್ಲ ಘಮಘಮಿಸುತ್ತದೆ. ಸಜ್ಜೆ ರೊಟ್ಟಿ ಸಿಗದ ಕಡೆ ಅನ್ನದೊಡನೆಯೂ ಬ್ರೆಡ್ಡಿನೊಡನೆಯೂ ಚೆನ್ನಾಗಿರುತ್ತದೆ.

ಎತ್ತಿಗೆ ಕಾಳು, ಮನುಷ್ಯರಿಗೆ ಕಟ್ಟು

ಕಟ್ಟನ್ನು ಚೆಲ್ಲಬೇಡಿರಿ ಎಂದೆ. ಈ ಮಾತಿನ ಹಿಂದೆ ಒಂದು ಹಳೆಯ ಪದ್ಧತಿ ಇದೆ. ಬಿತ್ತನೆ, ರಂಟೆ, ಗಾಡಿ ಎಂದು ಎತ್ತುಗಳೇ ಮನೆಯ ಬಲವಾಗಿದ್ದ ಕಾಲದಲ್ಲಿ ಒಕ್ಕಲುತನದ ಮನೆಗಳಲ್ಲಿ ಹುರಳಿಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಿದ್ದುದು ಮುಖ್ಯವಾಗಿ ಎತ್ತುಗಳಿಗಾಗಿ. ಬೆಂದ ಕಾಳು ಗೋದಲಿಗೆ ಹೋಗುತ್ತಿತ್ತು. ಬಸಿದ ಕಟ್ಟು ಒಲೆಗೆ ಬರುತ್ತಿತ್ತು. ಅದಕ್ಕೆ ಒಗ್ಗರಣೆ ಕೊಟ್ಟರೆ ಹುರಳಿಕಟ್ಟಿನ ಸಾರು. ಇಂದು ಹೋಟೆಲುಗಳಲ್ಲಿ ವಿಶೇಷ ತಿನಿಸೆಂದು ಹಣ ಕೊಟ್ಟು ಉಣ್ಣುವ ಈ ಸಾರು, ದುಡಿಯುವ ಪ್ರಾಣಿಗೆ ಗಟ್ಟಿಯನ್ನು ಕೊಟ್ಟು ಮನುಷ್ಯರು ತಿಳಿಯಲ್ಲಿ ತೃಪ್ತಿಪಟ್ಟ ಕಾಲದ ಕುರುಹು.

ನಮ್ಮ ಹಿರಿಯರ ಮನೆಗಳಲ್ಲಿ ಕೆಳಗೆ ಉಳಿದ ಕಾಳೂ ಎಲ್ಲರಿಗೂ ಸಮನಾಗಿ ಬರುತ್ತಿರಲಿಲ್ಲ. ಮೊದಲು ಹೊಲಕ್ಕೆ ಹೋಗುವ ಗಂಡಸರು, ನಂತರ ಮಕ್ಕಳು, ಕಡೆಗೆ ಹೆಂಗಸರು. ಸೌಟು ಪಾತ್ರೆಯ ತಳಕ್ಕೆ ಹೋಗಿ ಬರುವುದು ಮೊದಲ ಪಂಕ್ತಿಗೆ. ಕಡೆಯ ಪಂಕ್ತಿಗೆ ನೀರು ಬೆರೆಸಿ ಹಿಗ್ಗಿಸಿದ ಸಾರು. ಬಾಣಂತಿಗೆ ಮಾತ್ರ ಹುರಳಿಯನ್ನು ‘ಉಷ್ಣ’ವೆಂದು ನಂಬಿ ಪ್ರೀತಿಯಿಂದ ಕೊಡುವ ಮನೆಗಳಿದ್ದವು. ಒಂದೇ ಪಾತ್ರೆಯ ಸಾರು ಒಂದೇ ಮನೆಯಲ್ಲಿ ಮೂರು ಹದದಲ್ಲಿ ಬಡಿಸಲ್ಪಡುತ್ತಿತ್ತು.

ಒಂದು ಪೌಂಡಿನ ಲೆಕ್ಕ

ಕಾಳಿನ ಪ್ರಶ್ನೆ ಅಡುಗೆಮನೆಯನ್ನು ದಾಟಿ ಸರಕಾರದ ಕಡತಕ್ಕೆ ಏರಿದ ಸಂದರ್ಭವೊಂದಿದೆ. 1876–78ರ ಮಹಾಕ್ಷಾಮ ದಕ್ಷಿಣ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ಸೀಮೆ ಆಗ ಹರಿದು ಹಂಚಿಹೋಗಿತ್ತು: ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ. ಬರಗಾಲದ ಹೊಡೆತ ಹೆಚ್ಚಾಗಿ ಬಿದ್ದದ್ದು ಜಿಲ್ಲೆಯ ಪೂರ್ವದ ಒಣನಾಡಿಗೆ, ಅದರಲ್ಲೂ ಅಥಣಿ, ಗೋಕಾಕಗಳ ಕಡೆಗೆ. 1872ರ ಜನಗಣತಿಯಲ್ಲಿ ಇದ್ದುದಕ್ಕಿಂತ 1881ರ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಒಂದು ಜಿಲ್ಲೆ ಒಂಬತ್ತು ವರ್ಷಗಳಲ್ಲಿ ಬೆಳೆಯುವ ಬದಲು ಕುಗ್ಗಿತೆಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಷಾಮ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಜನರಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆ ಬಂತು. ಭಾರತ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಒಂದು ಲೆಕ್ಕ ಹಾಕಿದರು: ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೆ ಅಲ್ಪಸ್ವಲ್ಪ ಕಾಸು ಸಾಕು. ಮದ್ರಾಸ್ ಪ್ರಾಂತದ ಆರೋಗ್ಯ ಆಯುಕ್ತರಾಗಿದ್ದ ಡಾಕ್ಟರ್ ಕಾರ್ನಿಷ್ ಅವರು ಇದನ್ನು ಬಹಿರಂಗವಾಗಿ ವಿರೋಧಿಸಿದರು. ದಿನವಿಡೀ ಕಲ್ಲು ಒಡೆಯುವ ದೇಹಕ್ಕೆ ಒಂದು ಪೌಂಡ್ ಧಾನ್ಯ ಸಾಲದು. ಒಂದೂವರೆ ಪೌಂಡ್ ಬೇಕು, ಅದರ ಜೊತೆಗೆ ಬೇಳೆಕಾಳು, ತರಕಾರಿಗಳು ಬೇಕೆಂಬುದು ಅವರ ವಾದ. ವಾದ ನಡೆಯುತ್ತಿರುವಂತೆಯೇ ಜನ ಸಾಯುತ್ತಿದ್ದರು. ಮದ್ರಾಸಿನಲ್ಲಿ 1877ರ ಮೇ ತಿಂಗಳಲ್ಲಿ ಕೂಲಿಯನ್ನು ಏರಿಸಲಾಯಿತು. ಮುಂಬಯಿ ಪ್ರಾಂತದಲ್ಲಿ ಇದೇ ಒಂದು ಪೌಂಡಿನ ವಿರುದ್ಧ ಸಾವಿರಾರು ಜನ ಕೂಲಿಗಳು ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಹಸಿದವರೇ ಮುಷ್ಕರ ಹೂಡಿದ ಈ ಘಟನೆಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಯಾವಾಗಲೂ ಖೇದ ತಂದಿದೆ.

ಆ ಕಡತಗಳ ಭಾಷೆಯಲ್ಲಿ ಅದು ಸಾರಜನಕದ ಪ್ರಶ್ನೆ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ರೊಟ್ಟಿಯ ಜೊತೆಗೆ ಒಂದು ಸೌಟು ಕಾಳು ಉಂಟೋ ಇಲ್ಲವೋ ಎಂಬ ಪ್ರಶ್ನೆ.

ಕಬ್ಬು, ತಂಬಾಕು, ಶಾಲೆಯ ಪಾತ್ರೆ

ಹಿಂದೆ ಜೋಳದ ಹೊಲದಲ್ಲಿ ಅಕ್ಕಡಿ ಸಾಲುಗಳಿರುತ್ತಿದ್ದವು. ಇಷ್ಟು ಸಾಲು ಜೋಳ, ನಡುವೆ ಒಂದು ಸಾಲು ತೊಗರಿ, ಮಡಕಿ, ಅಲಸಂದಿ. ಮಾರುವುದಕ್ಕಲ್ಲ, ಮನೆಗೆ. ಕಾಳಿನ ಬಳ್ಳಿಯ ಬೇರು ನೆಲಕ್ಕೆ ಸಾರ ಕೊಡುತ್ತಿತ್ತು, ಹೊಟ್ಟು ದನಕ್ಕೆ, ಕಾಳು ಮಡಕೆಗೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಈ ಕ್ರಮ ಬದಲಾಯಿತು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆಯ ಕಂಪನಿ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ ಸಹಕಾರಿ ಕಾರಖಾನೆಗಳು ಒಂದರ ಹಿಂದೊಂದು ಬಂದವು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಮೊದಲೇ ನೆಲೆಯೂರಿತ್ತು. ಕಬ್ಬು ಮತ್ತು ತಂಬಾಕು ನಮ್ಮ ಸೀಮೆಗೆ ಶಾಲೆ, ರಸ್ತೆ, ಹೆಂಚಿನ ಮನೆ ತಂದವೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಕಬ್ಬಿನ ಬಿಲ್ಲಿನಿಂದಲೇ ಕಾಲೇಜು ಓದಿದವರು. ಆದರೆ ವರ್ಷವಿಡೀ ಹೊಲದಲ್ಲಿ ನಿಲ್ಲುವ ಕಬ್ಬಿನ ನಡುವೆ ಮಡಕಿಗೆ ಸ್ಥಳವಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗಾಗಿ ಹುರಳಿ ಬಿತ್ತುವವರೂ ಇಲ್ಲ. ಮನೆಯ ಕಾಳು ಅಂಗಡಿಯ ಕಾಳಾಯಿತು, ಮತ್ತು ಬೆಳೆದವನ ಸಾರಿನ ಹದ ಪೇಟೆಯ ಧಾರಣೆಯನ್ನು ಅವಲಂಬಿಸಿತು. ತಂಬಾಕಿನ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕುಳಿತ ರೈತರ ಮೇಲೆ ಗೋಲಿಬಾರ್ ಆಗಿ ಪ್ರಾಣಗಳು ಹೋದವು. ತಿನ್ನಲಾಗದ ಬೆಳೆಯನ್ನು ಬೆಳೆದವನಿಗೆ ಬೆಲೆ ಬೀಳುವುದೆಂದರೆ ಅಡುಗೆಮನೆಗೇ ಪೆಟ್ಟು.

ಶಿಕ್ಷಕಿಯಾಗಿ ನಾನು ಈ ಬದಲಾವಣೆಯನ್ನು ಮಕ್ಕಳ ಬುತ್ತಿಯಲ್ಲಿ ಕಂಡೆ. ರೊಟ್ಟಿ ಮತ್ತು ಖಾರದ ಚಟ್ನಿ, ರೊಟ್ಟಿ ಮತ್ತು ಉಪ್ಪಿನಕಾಯಿ. ಕೂಲಿಗೆ ಹೋಗುವ ತಾಯಂದಿರು ಬೆಳಗಿನ ಜಾವ ಅಷ್ಟನ್ನೇ ಕಟ್ಟಿಕೊಡಲು ಶಕ್ತರಾಗಿದ್ದರು. ಮಧ್ಯಾಹ್ನದ ನಂತರದ ಅವಧಿಯಲ್ಲಿ ತಲೆ ತೂಗುವ ಹುಡುಗಿಯನ್ನು ಸೋಮಾರಿಯೆಂದು ಬೈಯುವ ಮುನ್ನ ಅವಳ ಡಬ್ಬಿ ನೋಡಬೇಕು ಎಂದು ನನಗೆ ಕಲಿಸಿದವರು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು. ಬಿ.ಎಡ್. ತರಗತಿಯ ಯಾವ ಪುಸ್ತಕದಲ್ಲಿಯೂ ಅದು ಇರಲಿಲ್ಲ.

ಅಕ್ಷರ ದಾಸೋಹ ಯೋಜನೆ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೆ ಬಂತು. ಕೆಲವು ವರ್ಷಗಳಲ್ಲಿ ಪ್ರೌಢಶಾಲೆಗೂ ವಿಸ್ತರಿಸಿತು. ಅದರ ನಿಯಮದಲ್ಲಿ ಬೇಳೆಕಾಳಿನ ಪಾಲನ್ನು ಪ್ರತ್ಯೇಕವಾಗಿ ಬರೆದಿರುತ್ತಾರೆ. ರಾಷ್ಟ್ರೀಯ ಪೋಷಣ್ ಯೋಜನೆಯ ಅಳತೆಯಂತೆ ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಮೂವತ್ತು ಗ್ರಾಂ ಎಂದರೆ ಎರಡು ದೊಡ್ಡ ಚಮಚ. ಅಲ್ಪವೆಂದು ತೋರಬಹುದು. ಆದರೆ 1877ರ ಒಂದು ಪೌಂಡಿನ ಲೆಕ್ಕವನ್ನು ನೆನೆದು ಓದಿದರೆ, ಆ ಎರಡು ಚಮಚವನ್ನು ಸರಕಾರದ ಕಾಗದದ ಮೇಲೆ ಬರೆಯಿಸಲು ಈ ದೇಶಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತೆಂಬುದು ತಿಳಿಯುತ್ತದೆ.

ಕಾಗದದ ಮೇಲಿರುವುದು ತಟ್ಟೆಗೆ ಬರುತ್ತದೆಯೇ ಎಂಬುದು ಸೌಟು ಹಿಡಿದವರ ಕೈಯಲ್ಲಿದೆ. ನಾನು ಊಟದ ಉಸ್ತುವಾರಿ ನೋಡುತ್ತಿದ್ದ ದಿನಗಳಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತಟ್ಟೆ ಮುಂದೆ ಹಿಡಿದು ದಿನಾಲು ಒಂದೇ ಮಾತು ಹೇಳುತ್ತಿದ್ದ: “ಮೌಶಿ, ತಳದಾಗಿಂದ ಹಾಕ್ರಿ.” ಅಡುಗೆಯ ಆ ತಾಯಿ ನಕ್ಕು ಸೌಟನ್ನು ತಳಕ್ಕೆ ಇಳಿಸಿ, ಒಂದು ಸುತ್ತು ತಿರುವಿ ಎತ್ತಿ ಹಾಕುತ್ತಿದ್ದರು. ಕೆಲವೇ ದಿನಗಳಲ್ಲಿ ಅವರು ಯಾರೂ ಕೇಳದಿದ್ದರೂ ಪ್ರತಿ ಮಗುವಿಗೂ ಹಾಗೆಯೇ ತಿರುವಿ ಬಡಿಸುವುದನ್ನು ರೂಢಿಸಿಕೊಂಡರು. ಮೊದಲ ಸಾಲಿನವನಿಗೂ ಕಡೆಯ ಸಾಲಿನವಳಿಗೂ ಒಂದೇ ಹದ. ನನ್ನ ಸೇವಾವಧಿಯಲ್ಲಿ ಸಮಾನತೆಯ ಹಕ್ಕಿನ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಅಷ್ಟು ಸ್ಪಷ್ಟವಾಗಿ ಎಂದೂ ಮಾಡಿಲ್ಲ.

ಈಗ ನಿಪ್ಪಾಣಿ, ಕಾಗವಾಡಗಳು 2018ರಿಂದ ತಾವೇ ತಾಲೂಕುಗಳಾಗಿವೆ. ಊರುಗಳು ಬೆಳೆದಿವೆ, ಪೇಟೆಯಲ್ಲಿ ಎಲ್ಲ ಕಾಳುಗಳೂ ಪ್ಲಾಸ್ಟಿಕ್ ಚೀಲದಲ್ಲಿ ದೊರೆಯುತ್ತವೆ. ವಿಶ್ವಸಂಸ್ಥೆಯು 2016ನ್ನು ಬೇಳೆಕಾಳುಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ ಹುರಳಿಯ ಗುಣಗಾನವೂ ಹೆಚ್ಚಿದೆ. ಹೊಲ ಇರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಕಬ್ಬು ಕಡಿದ ಮೇಲೆ ಹೊಸ ನಾಟಿಗೆ ಮುನ್ನ ಬಿಡುವು ಸಿಕ್ಕರೆ, ಇಲ್ಲವೇ ಬದುವಿನ ಪಕ್ಕದಲ್ಲಿ, ನಾಲ್ಕು ಸಾಲು ಮಡಕಿಯನ್ನೋ ಹುರಳಿಯನ್ನೋ ಬಿತ್ತಿರಿ. ನೆಲಕ್ಕೂ ಒಳಿತು, ಮನೆಗೂ ಒಳಿತು. ಹೊಲ ಇಲ್ಲದವರು, ಪರದೇಶದಲ್ಲಿರುವವರು ಇಷ್ಟು ಮಾಡಿರಿ: ಸಾರು ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ ತಿರುವಿರಿ, ಮತ್ತು ಮನೆಯಲ್ಲಿ ಕಡೆಗೆ ಉಣ್ಣುವವರು ಯಾರೆಂದು ಒಮ್ಮೆ ನೋಡಿರಿ.

ನಿಮ್ಮ ನಿಮ್ಮ ಮನೆಗಳಲ್ಲಿ ಈ ಸಾರಿಗೆ ಏನೆನ್ನುತ್ತಾರೆ, ಯಾವ ಕಾಳು ಹಾಕುತ್ತಾರೆ, ಅಜ್ಜಿಯರು ಏನು ಹೇಳುತ್ತಿದ್ದರು ಎಂಬುದನ್ನು ಬರೆದು ತಿಳಿಸಿದರೆ ಸಂತೋಷವಾಗುತ್ತದೆ. ಭೋಗಿ ಹತ್ತಿರ ಬಂದಿದೆ. ಎಲ್ಲರ ಮನೆಯಲ್ಲಿಯೂ ಪಾತ್ರೆ ತುಂಬಿರಲಿ, ಸಾರು ಗಟ್ಟಿಯಾಗಿರಲಿ ಎಂದು ಹಾರೈಸುತ್ತೇನೆ.